ಎಲ್ಲಾ ಕಡಿಯೂ ನಾಯಿಗೆ ಗಟ್ಟಿ ಆಟಿಗಿ ಸಾಮಾನ

ನಮ್ಮ ಚಿಗರಿ ಮನಿಗೆ ಬಂದು ಬರೂ ಶ್ರಾವಣಕ್ಕ ಎರಡು ವರ್ಷ ಆಗತಾವ. ಚಿಗರಿ ಅಂದ್ರ ನಮ್ಮ ನಾಯಿ. ಮುಧೋಳ ಜಾತಿದು, ಸಣ್ಣ ನಡ, ಉದ್ದನ ಕಾಲು. ಓಡೂದು ನೋಡಿ ಅತ್ತಿಯವರೇ ಆ ಹೆಸರಿಟ್ರು. ಮಾವನವರು ತೀರಿಕೊಂಡ ಮ್ಯಾಲೆ ಅತ್ತಿ ಪಡಸಾಲ್ಯಾಗ ಒಬ್ಬರ ಕುಂತು ಗ್ವಾಡಿ ನೋಡೂದು ಕಂಡು ನನ್ನ ಮಗ ತಂದು ಬಿಟ್ಟು ಹ್ವಾದ. ಅಂವ ಬಿಟ್ಟು ಬೆಂಗಳೂರಿಗೆ ಹ್ವಾದ, ಕಡಿಸಿಕೊಳ್ಳಾಕ ನಾವು ಉಳದ್ವಿ.

ಏನೇನು ಕಡದೈತಿ ಅಂತ ಕೇಳಬ್ಯಾಡ್ರಿ. ನಮ್ಮ ಮನೆಯವರ ಚಪ್ಪಲಿ ಮೂರು ಜೊತಿ, ಅದೂ ಬರೇ ಎಡಗಾಲಿಂದು. ಟಿವಿ ರಿಮೋಟು. ಕಸಬರಗಿ. ನಾನು ನಾಕು ತಿಂಗಳು ಕುಂತು ಹೊಲದ ಕೌದಿಯ ಮೂಲಿ. ಅತ್ತಿಯವರ ಎಲಿ ಅಡಿಕಿ ಚೀಲ, ಅದರಾಗಿನ ಸುಣ್ಣದ ಡಬ್ಬಿ ಸಮೇತ. 1787ರಾಗ ಮರಾಠರಿಗೂ ಟಿಪ್ಪು ಸುಲ್ತಾನಗೂ ನನ್ನ ತವರೂರು ಗಜೇಂದ್ರಗಡದಾಗ ಒಪ್ಪಂದ ಆತು ಅಂತ ಸಾಲ್ಯಾಗ ಓದಿದ್ವಿ. ನಮ್ಮ ರೋಣದ ಮನ್ಯಾಗ ನಾಯಿಗೂ ನನಗೂ ಇನ್ನಾ ಆಗಿಲ್ಲ.

ಇಷ್ಟಾದ್ರ ನಕ್ಕು ಬಿಡಬಹುದಿತ್ತು. ಹ್ವಾದ ವರ್ಷ ಎರಡು ಸಂಗತಿ ಆದವು. ಒಂದು, ಅತ್ತಿಯವರು ಲಗ್ನ ಆಗಿ ಬರುವಾಗ ತಂದಿದ್ದ ಕಿನ್ನಾಳದ ಗೌರಿ ಗೊಂಬಿಯ ಬಲಗೈ ಕಡದು ತುಂಡು ಮಾಡ್ತು. ಎರಡು, ಜಾತ್ರ್ಯಾಗ ನಾನೇ ಇಪ್ಪತ್ತು ರೂಪಾಯಿಗೆ ತಂದು ಕೊಟ್ಟಿದ್ದ ಪೀಂ ಪೀಂ ಅನ್ನೂ ಪ್ಲಾಸ್ಟಿಕ್ ಬಾತುಕೋಳಿ ಹರದು, ಒಳಗಿನ ಸೀಟಿ ನುಂಗಿಬಿಟ್ಟಿತು. ಮೂರು ದಿನ ನೀರು ಸೈತ ಹೊಟ್ಟ್ಯಾಗ ನಿಲ್ಲಲಿಲ್ಲ. ಮೊದಲ ತೋರಿಸಿದಲ್ಲಿ ಬಿಸಲಿಗೆ ಹಂಗಾಗೈತಿ ಅಂತ ಸೂಜಿ ಮಾಡಿ ಕಳಿಸಿದ್ರು. ನಾಕನೇ ದಿನ ದೂರದ ಊರಿಗೆ ಗಾಡಿ ಮಾಡಿಕೊಂಡು ಹೋಗಿ ಹೊಟ್ಟಿ ಕೊಯಿಸಿ ತಗಸಿದ್ವಿ. ಆ ರೊಕ್ಕದಾಗ ನನ್ನ ಬೆಂಡವಾಲಿ ಹೊಸದಾಗಿ ಆಗತಿದ್ದವು. ನಮ್ಮ ಮನೆಯವರು "ಇನ್ನ ಸಾಕು, ಯಾರಿಗರೆ ಹೊಲದವರಿಗೆ ಕೊಟ್ಟುಬಿಡೂಣು" ಅಂದ್ರು. ಅತ್ತಿ ಒಂದ ಮಾತು ಹೇಳಿದ್ರು: "ಗೌರವ್ವನ ಕೈ ಹಚ್ಚಾಕ ಕಿನ್ನಾಳದಾಗ ಚಿತ್ರಗಾರರು ಅದಾರ. ಮೂಕ ಪ್ರಾಣಿ ಬಾಯಾಗ ಪ್ಲಾಸ್ಟಿಕ್ ಇಟ್ಟಾಕಿ ನೀನು."

ಆ ಮಾತು ನಟ್ಟಿತು. ಅವತ್ತಿನಿಂದ ಗಟ್ಟಿ ಆಟಿಗಿ ಸಾಮಾನ ಹುಡುಕಾಕ ಶುರು ಮಾಡಿದೆ. ನರಗುಂದದ ನನ್ನ ತಂಗಿ ಫೋನಿನ್ಯಾಗ ನಕ್ಕಳು. "ನಾಯಿಗೆ ಆಟಿಗಿ ಸಾಮಾನೇನಕ್ಕಾ? ನಮ್ಮಪ್ಪನ ಮನ್ಯಾಗ ಮೋತ್ಯಾ ಇದ್ದಿದ್ದಿಲ್ಲೇನು? ಅದಕ್ಕ ಯಾರು ಕೊಡಿಸಿದ್ರು?"

ಖರೇನ, ಯಾರೂ ಕೊಡಿಸಿರಲಿಲ್ಲ. ಹಂಗಾರ ಮೋತ್ಯಾ ಏನು ಕಡೀತಿತ್ತು? ನೆನಸಿಕೊಂತ ಕುಂತೆ. ಗಜೇಂದ್ರಗಡ ಅಂದ್ರ ನೇಕಾರರ ಊರು. ನಮ್ಮಪ್ಪನ ಮನ್ಯಾಗ ಎರಡು ಕುಣಿಮಗ್ಗ ಇದ್ದವು. ಲಾಳಿಗೆ ಹೊಡತ ಕೊಡಾಕ ಎಮ್ಮಿ ತೊಗಲಿನ ದಪ್ಪ ತುಂಡು ಇರತಿತ್ತು. ಸವದ ಮ್ಯಾಲೆ ಅಪ್ಪ ಅದನ್ನ ಅಂಗಳಕ್ಕ ಒಗದ್ರ ಮೋತ್ಯಾಗ ಎಂಟು ದಿನದ ಕೆಲಸ. ಒಡದ ಲಾಳಿನೂ ಅದಕ್ಕ. ಒಂದು ಹಳೇ ಲಾಳಿ ಇನ್ನಾ ನನ್ನ ಹತ್ರ ಐತಿ, ಮ್ಯಾಲೆ ಮೋತ್ಯಾನ ಹಲ್ಲಿನ ಗುರುತು ಅದಾವ. ಒಕ್ಕಲಿಗರ ಮನಿ ನಾಯಿಗಂತೂ ಬಡತನ ಇರಲಿಲ್ಲ: ಹರದ ಮಿಣಿ, ಬಾರಕೋಲಿನ ತುದಿ, ಸವದ ಕೆರವು, ಗ್ವಾದಲ್ಯಾಗಿನ ಕಣಕಿ, ಗ್ವಾಂಜಾಳದ ತೆನಿ ದಿಂಡು. ಎಲ್ಲಾ ತೊಗಲು, ಕಟಗಿ, ನಾರು. ನುಂಗಿದ್ರೂ ಬಹುಮಟ್ಟಿಗೆ ಕರಗತಿತ್ತು, ಇಲ್ಲಾ ಹೊರಗ ಬರತಿತ್ತು. ಊರತುಂಬ ಓಡಿ ಬಂದು ದಣದು ಬೀಳತಿತ್ತು, ಮನಿ ಸಾಮಾನಿಗೆ ಬಾಯಿ ಹಾಕಾಕ ಪುರುಸೊತ್ತೂ ಇರಲಿಲ್ಲ.

ಆಮ್ಯಾಲೆ ಏನಾತು ನೋಡ್ರಿ. ಬಾವಿಗೆ ಪಂಪು ಬಂತು, ಮಿಣಿ ಹೋತು. ಮಗ್ಗದಾಗಿನ ತೊಗಲು ಹೋಗಿ ಪ್ಲಾಸ್ಟಿಕ್ ಬಂತು. ಕೆರವು ಹೋಗಿ ರಬ್ಬರ್ ಚಪ್ಪಲಿ ಬಂದವು. ಅಂಗಳಕ್ಕ ಫರಸಿ ಹಾಕಿದ್ವಿ, ಕಂಪೌಂಡು ಕಟ್ಟಿ ಗೇಟಿಗೆ ಚಿಲಕ ಹಾಕಿದ್ವಿ. ನಾಯಿ ಹಲ್ಲು ಮಾತ್ರ ಅವ ಅದಾವ. ಮರಿಗೆ ಹಾಲಹಲ್ಲು 28, ದೊಡ್ಡದಕ್ಕ 42. ನಾಕರಿಂದ ಆರೇಳು ತಿಂಗಳದಾಗ ಹಲ್ಲು ಬದಲಿ ಆಗತಾವ, ಆವಾಗ ವಸಡು ಕಡೀತೈತಿ, ಸಿಕ್ಕಿದ್ದಕ್ಕ ಬಾಯಿ ಹಾಕತೈತಿ. ಅದರ ನಂತರನೂ ಕಡದ್ರ ಅದು ಬ್ಯಾಸರಕ್ಕ, ಇಲ್ಲಾ ಓಟ ಸಾಲದ್ದಕ್ಕ.

ಓಟದ ಮಾತು ಬಂದ್ರ ಮುಧೋಳ ನಾಯಿದು ಹೇಳಬೇಕು. ಇದು ಮೂಸಿ ಹುಡುಕೂ ನಾಯಿ ಅಲ್ಲ, ಕಣ್ಣಿಲೆ ಕಂಡು ಬೆನ್ನು ಹತ್ತೂ ಬ್ಯಾಟಿ ನಾಯಿ. ಮುಧೋಳದ ಘೋರ್ಪಡೆ ರಾಜರು ಈ ತಳಿ ಬೆಳಸಿದ್ರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಒಂದು ಜೋಡಿ ಕೊಟ್ರು ಅಂತ ಪ್ರಸಿದ್ಧ ಐತಿ. ನಮ್ಮ ಗಜೇಂದ್ರಗಡ ಆಳಿದವರೂ ಘೋರ್ಪಡೆಯವರ, ಅದಕ್ಕ ನನಗೂ ಒಂಚೂರು ಅಭಿಮಾನ! 2005ರ ಜನವರ್ಯಾಗ ಅಂಚೆ ಇಲಾಖೆ ನಾಕು ದೇಶಿ ನಾಯಿಗಳ ಅಂಚೆಚೀಟಿ ತಂತು, ಅದರಾಗ ಮುಧೋಳದ್ದೂ ಒಂದು. 2016ರಾಗ ಇವನ್ನ ಮೀರತ್ತಿಗೆ ಸೈನ್ಯದ ತರಬೇತಿಗೆ ಒಯ್ದ್ರು. ಮುಧೋಳ ಹತ್ರ ತಿಮ್ಮಾಪುರದಾಗ ಬೀದರದ ಪಶು ವಿಶ್ವವಿದ್ಯಾಲಯದವರು ಇವಕ್ಕಂತನ ಒಂದು ಸಂಶೋಧನಾ ಕೇಂದ್ರ ನಡಸತಾರ. ಇಂಥಾ ಓಟದ ಪ್ರಾಣಿನ ಮೂವತ್ತು ಫೂಟಿನ ಅಂಗಳದಾಗ ಕಟ್ಟಿ "ಚಪ್ಪಲಿ ಕಡೀತೈತಿ" ಅಂತ ಬೈದ್ರ ತಪ್ಪು ಯಾರದು?

2020ರ ಆಗಸ್ಟ್ 30ಕ್ಕ ಪ್ರಧಾನಿ ಮೋದಿಯವರು ರೇಡಿಯೋದಾಗ ಮುಧೋಳ ನಾಯಿ ಹೆಸರು ತಗೊಂಡಿದ್ದು ನಿಮಗೂ ನೆನಪಿರಬೇಕು. ಅದ ದಿನದ ಭಾಷಣದಾಗ ಚನ್ನಪಟ್ಟಣದ ಗೊಂಬಿ ಮಾತೂ ಬಂದಿತ್ತು. ನಾಯಿನೂ ಬಂತು, ಆಟಿಗಿನೂ ಬಂತು. ನಾಯಿಗೆ ಆಟಿಗಿ ಮಾತ್ರ ಯಾರೂ ಹೇಳಲಿಲ್ಲ.

ಚನ್ನಪಟ್ಟಣದ್ದು ಕೊಟ್ರ ಹೆಂಗ ಅಂತ ನನಗೂ ಅನಿಸಿತ್ತು. ಅದು ಹಾಲೆ ಮರದ್ದು, ಅರಗಿನ ಬಣ್ಣದ್ದು, ಕೂಸು ಬಾಯಾಗ ಇಟ್ಟುಕೊಂಡ್ರೂ ಚಿಂತಿ ಇಲ್ಲ. ಆದ್ರ ನಾಯಿ ದವಡಿಗೆ ಅದು ಸಿಬರು ಸಿಬರು ಆಗತೈತಿ. ಕಿನ್ನಾಳದ್ದು ಇನ್ನೂ ಮೆತ್ತಗ. ಹಗುರ ಕಟಗಿ ಮ್ಯಾಲೆ ಸೆಣಬಿನ ಚಿಂದಿ ಪುಡಿ ಮಾಡಿ ಹುಣಸಿಬೀಜದ ಅಂಟಿನಾಗ ಕಲಸಿ ಹಚ್ಚಿರತಾರ. ನಮ್ಮ ಚಿಗರಿಗೆ ಗೌರವ್ವನ ಕೈ ರುಚಿ ಹತ್ತಿದ್ದು ಆ ಹುಣಸಿಬೀಜದ್ದಕ್ಕ ಇರಬೇಕು ಅಂತ ನನ್ನ ಅನುಮಾನ.

ಈ ನಾಯಿ ಆಟಿಗಿ ಹುಟ್ಟಿದ ಕತಿ ಮಗ ಹುಡುಕಿ ಓದಿ ಹೇಳಿದ. ಅಮೇರಿಕಾದ ಕೊಲೊರಾಡೋದಾಗ ಜೋ ಮಾರ್ಕಹ್ಯಾಮ್ ಅಂತ ಒಬ್ಬಂವ. ಅಂವನ ಹತ್ರ ಫ್ರಿಟ್ಜ್ ಅಂತ ಜರ್ಮನ್ ಶೆಫರ್ಡ್, ಪೊಲೀಸರ ಕೆಲಸದಿಂದ ನಿವೃತ್ತಿ ಆಗಿದ್ದು. ಕೆಲಸ ಇಲ್ಲದ್ದಕ್ಕ ಕಲ್ಲು, ಡಬ್ಬಿ ಕಡದು ಕಡದು ಹಲ್ಲು ಸವಸಿಕೊಂತಿತ್ತು. ಒಂದಿನ ಅಂವ ತನ್ನ ಹಳೇ ಫೋಕ್ಸ್‌ವ್ಯಾಗನ್ ಗಾಡಿ ರಿಪೇರಿ ಮಾಡುವಾಗ ಕಲ್ಲು ಬಿಡಲಿ ಅಂತ ಗಾಡಿ ಸಾಮಾನು ಒಂದೊಂದ ಒಗದ. ಫ್ರಿಟ್ಜ್ ಉಳದಿದ್ದೆಲ್ಲಾ ಬಿಟ್ಟು ಗಾಲಿ ಕಡೆ ಕುಲುಕು ತಡಿಯೂ ರಬ್ಬರ್ ತುಂಡು ಹಿಡಕೊಂಡಿದ್ದು ಬಿಡಲೇ ಇಲ್ಲ. ಅದನ್ನ ನೋಡಿ ಅದ ಆಕಾರದ್ದು ನಾಯಿಗಂತ ಮಾಡಿದ, 1976ರಾಗ ಕಂಪನಿ ಹಾಕಿದ. ನೋಡಿದವರೊಬ್ಬರು "ಇದೇನು ಕಿಂಗ್ ಕಾಂಗನ ಕಿವಿಗೆ ತುರುಕೂ ಬಿರಡಿ ಇದ್ದಂಗ ಐತಲ್ಲಾ" ಅಂದ್ರಂತ, ಅದಕ್ಕ ಕಾಂಗ್ ಅಂತ ಹೆಸರು ಬಂತು. ರಬ್ಬರ್‌ಗೆ ಗಂಧಕ ಕೂಡಿಸಿ ಕಾಸಿ ಗಟ್ಟಿ ಮಾಡೂದನ್ನ ಚಾರ್ಲ್ಸ್ ಗುಡಇಯರ್ 1839ರಾಗ ಕಂಡುಹಿಡದಿದ್ದ. ನೂರಾ ಮೂವತ್ತು ವರ್ಷದ ಮ್ಯಾಲೆ ಅದು ನಾಯಿ ಹಲ್ಲಿಗೆ ಬಂತು.

ಕತಿ ಕೇಳಿ ನಾನು ಮರದಿನ ಗ್ಯಾರೇಜಿಗೆ ಹೋಗಿ ಹಳೇ ಟಯರ್ ತುಂಡು ಕೇಳಿದೆ. ಅಲ್ಲಿ ಕೆಲಸ ಮಾಡೂ ಹುಡುಗ ನನಗಿಂತ ಶಾಣ್ಯಾ. "ಬ್ಯಾಡ್ರಿ ಅವ್ವಾರ, ಇದರಾಗ ತಂತಿ ಇರತಾವ, ಬಾಯಿ ಹರೀತಾವ" ಅಂದ. ಸೈಕಲ್ ಟಯರಿನ ಅಂಚಿನ್ಯಾಗೂ ತಂತಿ ಅದಾವ ಅಂತ ಕಿತ್ತಿ ತೋರಿಸಿದ. ಬ್ಯಾಸಿಗ್ಯಾಗ ಒಂದು ಹೊಟ್ಟಿ ಕೊಯಿಸಿದಾಕಿ ನಾನು, ಬರಿಗೈಲೆ ಬಂದೆ.

ಕಡೀಕ ಮಗ ಕೆಂಪು ರಬ್ಬರಿನ ಟೊಳ್ಳ ಆಟಿಗಿ ಕಳಿಸಿದ. ಅದನ್ನ ಕೊಡೂ ಮುಂಚೆ ಆಪರೇಶನ್ ಮಾಡಿದ ಡಾಕ್ಟರು ಹೇಳಿದ ಪರೀಕ್ಷಾ ಮಾಡಿದೆ, ನೀವೂ ಮಾಡ್ರಿ. ಹೆಬ್ಬೆರಳಿನ ಉಗುರು ಒತ್ತಿದ್ರ ಒಂಚೂರರೆ ತಗ್ಗು ಬೀಳಬೇಕು. ಬೀಳಲಿಲ್ಲಂದ್ರ ಅದು ಹಲ್ಲಿಗಿಂತ ಗಟ್ಟಿ, ಹಲ್ಲು ಮುರೀತೈತಿ. ನಾಯಿ ಬಾಯಿಗಿಂತ ದೊಡ್ಡದಿರಬೇಕು, ನುಂಗಾಕ ಬರಬಾರದು. ಒಳಗ ಸೀಟಿ, ಕಣ್ಣು, ಗುಂಡಿ ಇರಬಾರದು. ಹಗ್ಗದ ಗಂಟು ಕೊಟ್ರ ನಿಮ್ಮ ಕಣ್ಣ ಮುಂದ ಕೊಡ್ರಿ, ಎಳಿ ಬಿಚ್ಚಿದ ಕೂಡಲೇ ಒಗೀರಿ, ಉದ್ದನ ದಾರ ಕರಳಿಗೆ ಸುತ್ತಿಕೊಂತೈತಿ. ಬೇಯಿಸಿದ ಎಲುಬು ಕೊಡಬ್ಯಾಡ್ರಿ, ಚೂಪಾಗಿ ಒಡೀತೈತಿ. ಟೊಳ್ಳಿನ್ಯಾಗ ನಾನು ಜೋಳದ ನುಚ್ಚು ಮಜ್ಜಿಗ್ಯಾಗ ಕಲಸಿ ತುಂಬಿ ಫ್ರಿಜ್ಜಿನ್ಯಾಗ ಇಡತೇನಿ. ಉಪ್ಪು ಹಾಕೂದಿಲ್ಲ. ಉಳ್ಳಾಗಡ್ಡಿ ಮುಟ್ಟಿಸೂದಿಲ್ಲ, ಅದು ನಾಯಿಗೆ ವಿಷ. ಮಧ್ಯಾಹ್ನ ಅಡಗಿಮನಿ ಕೆಲಸ ಮುಗಿಯೂ ತನಕ ಅದನ್ನ ನೆಕ್ಕಿಕೊಂತ ಮಲಗಿರತೈತಿ. ನಡನಡುವ ಒಂದು ಕಟಕ ರೊಟ್ಟಿ, ಒಂದು ಗಜ್ಜರಿ. ಮುಂಜಾನೆ ನಮ್ಮ ಮನೆಯವರು ಎರಿ ಹೊಲದಾಗ ಓಡಸ್ಕೊಂಡು ಬರತಾರ. ಕೊಟ್ಟುಬಿಡೂಣು ಅಂದವರ ಈಗ ಸುದ್ದಿಲ್ಲ.

"ನಾಯಿಗೆ ಇಷ್ಟು ಖರ್ಚು ಯಾರು ಮಾಡತಾರ" ಅಂತ ಓಣ್ಯಾಗ ಒಬ್ಬಿಬ್ಬರು ಅಂದ್ರು. ಅವರಿಗೆ ನಾನು ಆತಕೂರಿನ ಕಲ್ಲಿನ ಮಾತು ಹೇಳಿದೆ. 949ರ ಸುಮಾರಿನ ಶಾಸನ ಅದು, ಮಂಡ್ಯ ಜಿಲ್ಲಾದ್ದು, ಈಗ ಬೆಂಗಳೂರಿನ ಸರಕಾರಿ ವಸ್ತು ಸಂಗ್ರಹಾಲಯದಾಗ ಐತಿ. ಯುದ್ಧದಾಗ ಮೆರದ ಮಣಲೆರ ಅನ್ನೂ ವೀರಗ ರಾಜ ಮೆಚ್ಚಿ "ಏನು ಬೇಕು ಕೇಳು" ಅಂದ್ರ ಅಂವ ಹೊಲ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಕಾಳಿ ಅನ್ನೂ ನಾಯಿ ಕೇಳಿದ. ಆ ಕಾಳಿ ದೊಡ್ಡದೊಂದು ಕಾಡಹಂದಿ ಜೋಡಿ ಕಾದಾಡಿ, ಎರಡೂ ಕೂಡೇ ಸತ್ತವು. ನಾಯಿ ನೆನಪಿಗೆ ಗುಡಿ ಮುಂದ ಕಲ್ಲು ನಿಲ್ಲಿಸಿ, ನಾಯಿ ಹಂದಿ ಕಾದಾಡೂ ಚಿತ್ರ ಕೆತ್ತಿಸಿ, ಭೂಮಿ ಬಿಟ್ರು. ಗುಡಿಯ ಗೊರವ ಆ ಕಲ್ಲಿಗೆ ಪೂಜಿ ಮಾಡದ ಉಣಬಾರದು ಅಂತ ಕಟ್ಟಳಿ ಹಾಕಿದ್ರು. ಹಾಂಗಾರ ನನ್ನ ಒಂದು ರಬ್ಬರ್ ತುಂಡಿನ ಖರ್ಚು ಏನು ದೊಡ್ಡದು!

ಗೌರವ್ವನ್ನ ದಸರಾ ಮುಂದ ಕಿನ್ನಾಳಕ್ಕ ಒಯ್ದು ಕೈ ಹಚ್ಚಿಸಿಕೊಂಡು ಬಂದ್ವಿ. ಹೊಸ ಕೈಯ ಬಣ್ಣ ಒಂಚೂರು ಹೆಚ್ಚು ಕೆಂಪು ಆಗೈತಿ. ಅತ್ತಿ ಅದನ್ನ ಈಗ ಕಪಾಟದ ಮ್ಯಾಲಿನ ಅರ್ಯಾಗ ಇಟ್ಟಾರ. ಚಿಗರಿ ಕೆಳಗ ಕುಂತು ಮ್ಯಾಲೆ ನೋಡತೈತಿ, ಅತ್ತಿ ಅದಕ್ಕ ರೊಟ್ಟಿ ಚೂರು ಒಗೀತಾರ.