ಆತೇನು?

‘ಊಟ ಆತೇನು?’ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆ ಬೆಳೆದವರಿಗೆ ಇದು ಊಟದ ವಿಚಾರಣೆಯಷ್ಟೇ ಅಲ್ಲ, ಮಾತಿಗೆ ಕರೆಯುವ ರೀತಿ. ಇಲ್ಲಿನ ‘ಏನು’ ಎಂಬುದನ್ನು ಗಮನಿಸಿ. ‘ಏನು ತಿಂದಿ?’ ಎಂದಾಗ ಅದು ವಸ್ತುವನ್ನು ಕೇಳುತ್ತದೆ. ಕ್ರಿಯಾಪದದ ಬಾಲಕ್ಕೆ ಅಂಟಿದಾಗ ಹೌದು ಅಥವಾ ಇಲ್ಲ ಎಂಬ ಉತ್ತರವನ್ನಷ್ಟೇ ಬೇಡುತ್ತದೆ. ಅದರ ಬೆನ್ನಿಗೇ ಸಂಬಂಧವೂ ಬಂದು ಕೂರುತ್ತದೆ: ಬಂದಿಯೇನೋ, ಬಂದಿಯೇನವ್ವ, ಬಂದ್ರೇನ್ರಿ. ಸಲಿಗೆ, ಅಕ್ಕರೆ, ಗೌರವ ಎಲ್ಲವೂ ಆ ಕೊನೆಯ ಉಸಿರಿನಲ್ಲಿವೆ.

ಹಳಗನ್ನಡದ ‘ಏನ್’ ಇದರ ಮೂಲ. ತೆಲುಗಿನ ‘ಏಮಿ’, ತಮಿಳಿನ ‘ಎನ್ನ’ ಇದೇ ಬಳಗದವು. ‘ಏನು’ ಬಿಟ್ಟು ‘ಆತಾ?’ ಎಂದೂ ಕೇಳುವುದುಂಟು. ತೆಲುಗಿನ ‘ಅಯ್ಯಿಂದಾ?’ ಕೂಡ ‘ಆ’ದಲ್ಲೇ ಮುಗಿಯುವುದರಿಂದ ಇದು ಗಡಿಯಾಚೆಯ ಪ್ರಭಾವ ಅನ್ನಿಸಬಹುದು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗುವವರೆಗೆ ಇವೆಲ್ಲ ಬಳ್ಳಾರಿಯ ಜೊತೆ ಒಂದೇ ಜಿಲ್ಲೆ ತಾನೆ! ಆದರೆ ತಮಿಳಿನಲ್ಲೂ ಈ ‘ಆ’ ಇದೆ; ಇದು ದ್ರಾವಿಡ ನುಡಿಗಳ ಹಳೆಯ ಸೊತ್ತು, ಎರವಲಲ್ಲ.

ಫ್ರೆಂಚರ ಆಡುಮಾತಿನಲ್ಲಿ ಪ್ರಶ್ನೆಗೆ ಇಂಥ ಬಾಲವೂ ಬೇಕಿಲ್ಲ. ‘ತು ವ್ಯಾಂ’ ಎಂದರೆ ‘ನೀನು ಬರುತ್ತಿ’. ದನಿ ಏರಿಸಿದರೆ ಅದೇ ಪ್ರಶ್ನೆ. ನಮ್ಮಲ್ಲೂ ‘ಹೊಂಟಿ?’ ಎಂದು ದನಿಯಲ್ಲೇ ಕೇಳುತ್ತೇವೆ. ಹೊರಟವರನ್ನು ‘ಎಲ್ಲಿಗೆ?’ ಎಂದು ತಡೆಯುವುದು ಶುಭವಲ್ಲವೆಂದು ಹಿರಿಯರು ಆ ಪದವನ್ನೇ ಬಿಟ್ಟು, ‘ದೂರ ಹೊಂಟೀರೇನು?’ ಎನ್ನುತ್ತಾರೆ.