ಓಡುವ ಎಣ್ಣೆ, ಕಾಯುವ ಎಣ್ಣೆ

ನಮ್ಮಮ್ಮನಿಗೆ ಹರಳೆಣ್ಣೆಯೆಂದರೆ ದೇವರಷ್ಟೇ ನಂಬಿಕೆ. ಎಳೆಗೂಸಿನ ನೆತ್ತಿಗೆ ಅದೇ, ಹೊಟ್ಟೆ ಕಟ್ಟಿದರೆ ಅದೇ, ಅಂಗಾಲಿನ ಉರಿಗೂ ಅದೇ. 2001ರಲ್ಲಿ ಅಪ್ಪ ತೀರಿಕೊಂಡಾಗ ಅವರ ಕಾರಿನ ಎಂಜಿನ್ ಕೊಳ್ಳೇಗಾಲದ ಗ್ಯಾರೇಜೊಂದರಲ್ಲಿ ರಿಪೇರಿಗೆಂದು ಬಿಚ್ಚಿ ಹರವಿಕೊಂಡಿತ್ತು. ರೇಷ್ಮೆ ಸೀರೆಯ ಗಂಟು ಹೇರಿಕೊಂಡು ಅಪ್ಪ ಯಳಂದೂರು, ಹನೂರು ಎಂದು ಸುತ್ತಿದ ಕಾರು ಅದು. ದೂರದೂರಿನಲ್ಲಿ ಕೆಲಸದಲ್ಲಿದ್ದ ತಮ್ಮ, ‘ಮಾರಬೇಡಿ. ಜೋಡಿಸಿ ಇಡಿ, ಎರಡು ವರ್ಷಕ್ಕೆ ಬಂದು ನಾನೇ ಓಡಿಸುತ್ತೇನೆ’ ಎಂದ. ಜೋಡಿಸುವ ದಿನ ಅಮ್ಮ ತಾನೇ ಕಾಯಿಸಿ ತೆಗೆದ ಹರಳೆಣ್ಣೆಯ ಸೀಸೆಯನ್ನು ನನ್ನ ಕೈಗಿತ್ತು, ‘ಇದನ್ನು ಹಚ್ಚಲಿ, ಕಬ್ಬಿಣ ಬಿಟ್ಟು ಕದಲೋದಿಲ್ಲ’ ಎಂದಳು. ಮೆಕ್ಯಾನಿಕ್ ಹಿಂದೆಮುಂದೆ ನೋಡಿದ. ಹಿರಿಯಳ ಮಾತು ಮೀರಲಾರದೆ ಹಚ್ಚಿದ.

ಅಮ್ಮನ ಮಾತಿಗೆ ಬುಡವಿಲ್ಲವೆಂದಲ್ಲ. 1800ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸ ಕಥನದಲ್ಲಿ ಮೈಸೂರು ನಾಡಿನ ಹರಳು ಬೆಳೆಯನ್ನು ಬರೆದಿಟ್ಟಿದ್ದಾನೆ. ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಎಣ್ಣೆಯನ್ನು ಬಳಿದುಕೊಳ್ಳುವುದು ನಮ್ಮ ಹಿತ್ತಿಲುಗಳಲ್ಲಿ ಮೊನ್ನೆ ಮೊನ್ನೆಯವರೆಗೂ ನಡೆಯುತ್ತಿತ್ತು. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿಗೆ; ಆದರೆ ಗಡಿಯ ಎರಡೂ ಕಡೆ ಗಾಡಿಯ ಅಚ್ಚಿಗೆ ಬೀಳುತ್ತಿದ್ದದ್ದು ಒಂದೇ ಎಣ್ಣೆ. ನಮ್ಮ ತಾತ ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಬಿದಿರಿನ ಕೊಳವೆಗೆ ತುಂಬಿ ಗಾಡಿಯ ಕೆಳಗೆ ತೂಗುಹಾಕುತ್ತಿದ್ದರು. ಮಾದಪ್ಪನ ಜಾತ್ರೆಗೆ ಹನೂರು, ಕೌದಳ್ಳಿಯ ದಾರಿಯಲ್ಲಿ ಹೊರಟಾಗ ಎಲ್ಲಿ ಗಾಲಿ ಕಿರುಗುಟ್ಟಿತೋ ಅಲ್ಲಿ ಇಳಿದು ಹಚ್ಚುವುದು.

ಇದೇ ಎಣ್ಣೆ ಮುಂದೆ ಆಕಾಶಕ್ಕೂ ಏರಿತು. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯವರು ಹರಳೆಣ್ಣೆ ಬೆರೆಸಿದ ಎಂಜಿನ್ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟರು. ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎನ್ನುವುದರಿಂದ ಬಂದ ಹೆಸರು. 1914ರಿಂದ 1918ರ ಮಹಾಯುದ್ಧದ ಅನೇಕ ವಿಮಾನಗಳಲ್ಲಿ ಸಿಲಿಂಡರುಗಳೇ ಗಿರಗಿರನೆ ತಿರುಗುವ ಎಂಜಿನ್ನುಗಳಿದ್ದವು. ಅವುಗಳ ಒಡಲಲ್ಲಿ ಪೆಟ್ರೋಲು ಹಾಯುತ್ತಿದ್ದುದರಿಂದ ಖನಿಜ ಎಣ್ಣೆ ಕರಗಿ ತೊಳೆದುಹೋಗುತ್ತಿತ್ತು. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು, ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಮೆರಿಕವಂತೂ ಭಾರತದಿಂದ ಹರಳು ಬೀಜ ತರಿಸಿ ತನ್ನ ದಕ್ಷಿಣದ ರಾಜ್ಯಗಳಲ್ಲಿ ಬಿತ್ತಿಸಿತು. ಎಣ್ಣೆಯ ಹೊಗೆ ಕುಡಿದ ವಿಮಾನಿಕರ ಹೊಟ್ಟೆಯ ಪಾಡು ಏನಾಗುತ್ತಿತ್ತೆಂಬುದನ್ನು ಮಕ್ಕಳಿಗೆ ಹರಳೆಣ್ಣೆ ಕುಡಿಸಿದ ತಾಯಂದಿರಿಗೆ ನಾನು ಹೇಳಬೇಕಿಲ್ಲ!

ತಮ್ಮ ಬಂದದ್ದು ಎರಡಲ್ಲ, ನಾಲ್ಕು ವರ್ಷಕ್ಕೆ, 2005ರಲ್ಲಿ. ಎಂಜಿನ್ ಅಲುಗಲಿಲ್ಲ. ಬಿಚ್ಚಿ ನೋಡಿದರೆ ಎಣ್ಣೆ ಬೇಲದ ಅಂಟಿನಂತೆ ಗಟ್ಟಿಯಾಗಿ ಪಿಸ್ಟನ್ ಬಳೆಗಳನ್ನು ಹಿಡಿದುಬಿಟ್ಟಿತ್ತು. ಅಮ್ಮ ಅಂದು ಊಟ ಮಾಡಲಿಲ್ಲ. ‘ಅವರ ಕಾರನ್ನು ನಾನೇ ಹಾಳು ಮಾಡಿದೆ’ ಎಂದಷ್ಟೇ ಹೇಳಿದಳು.

ಅವಳನ್ನು ಸಮಾಧಾನ ಮಾಡಿದ್ದು ಗ್ಯಾರೇಜಿನ ಒಬ್ಬ ಹಿರಿಯ ಮೇಸ್ತ್ರಿ. ‘ಎಣ್ಣೆ ಕೆಟ್ಟದ್ದಲ್ಲಮ್ಮ. ಹೊಲಿಗೆ ಮಿಷನ್ನಿಗೆ ಕೊಬ್ಬರಿ ಎಣ್ಣೆ ಬಿಟ್ಟು ಆರು ತಿಂಗಳು ಮುಚ್ಚಿಟ್ಟರೆ ಏನಾಗುತ್ತೆ?’ ಎಂದರು. ಅಮ್ಮನಿಗೆ ಥಟ್ಟನೆ ತಿಳಿಯಿತು. ಗಾಡಿಯ ಅಚ್ಚಿಗೆ ದಾರಿಯುದ್ದಕ್ಕೂ ಹೊಸ ಎಣ್ಣೆ ಬೀಳುತ್ತಿತ್ತು. ವಿಮಾನವೂ ಹಳೆಯ ಎಣ್ಣೆಯನ್ನು ಹೊರಗೆ ಚೆಲ್ಲಿ ಹೊಸದನ್ನು ಕುಡಿಯುತ್ತಿತ್ತು. ಎಂಜಿನ್ನನ್ನು ಆಗಾಗ ಬಿಚ್ಚಿ ಶುಚಿ ಮಾಡುತ್ತಿದ್ದರು. ಎರಡು ಕಡೆಯೂ ಎಣ್ಣೆ ಕಾದು ಕುಳಿತದ್ದೇ ಇಲ್ಲ.

ಕಾಯುವುದಕ್ಕೆ ಬೇರೆ ಎಣ್ಣೆ ಬೇಕು. ಬರಿಯ ಎಂಜಿನ್ ಎಣ್ಣೆ ತಿಂಗಳುಗಟ್ಟಲೆ ನಿಂತರೆ ಕೆಳಕ್ಕೆ ಇಳಿದುಹೋಗುತ್ತದೆ. ಮಳೆಗಾಲದ ಥಂಡಿಗೆ ಬರಿಮೈಯಾದ ಲೋಹ ತುಕ್ಕು ಹಿಡಿಯುತ್ತದೆ. ಗಾಲಿಯ ಗ್ರೀಸು ಇಳಿಯದು, ಆದರೆ ಎಣ್ಣೆಯಲ್ಲಿ ಸರಿಯಾಗಿ ಕರಗದೆ ಸಣ್ಣ ದಾರಿಗಳನ್ನು ಕಟ್ಟಬಹುದು. ಹಾಗಾಗಿ ಮೇಸ್ತ್ರಿ ಜೋಡಣೆಗೆಂದೇ ಮಾಡಿದ ಅಂಟುಗುಣದ ಲೇಪವನ್ನು ಮೈಸೂರಿನಿಂದ ತರಿಸಿದರು. ಅದು ಬೇರಿಂಗುಗಳಲ್ಲಿ ನಿಲ್ಲುತ್ತದೆ, ಎಂಜಿನ್ ಶುರುವಾದ ಮೇಲೆ ಹೊಸ ಎಣ್ಣೆಯಲ್ಲಿ ಕರಗಿ ಬೆರೆಯುತ್ತದೆ. ಸಿಲಿಂಡರಿನ ಗೋಡೆಗೆ ತುಕ್ಕು ತಡೆಯುವ ಎಣ್ಣೆಯನ್ನು ತೆಳ್ಳಗೆ ಸವರಿ, ತೂತುಗಳನ್ನೆಲ್ಲ ಮುಚ್ಚಿ, ಪ್ಲಾಸ್ಟಿಕ್ ಹೊದಿಸಿ ಇಟ್ಟರು.

ತಮ್ಮ ಮತ್ತೆ ಹೊರಟುಹೋದ. 2008ರಲ್ಲಿ ಬಂದಾಗ ಮೇಸ್ತ್ರಿ ಮೊದಲು ಹೊಸ ಎಣ್ಣೆ ತುಂಬಿ, ಅದು ಒಳಗೆಲ್ಲ ತಲುಪುವವರೆಗೆ ಎಂಜಿನ್ನನ್ನು ಕೈಯಿಂದಲೇ ತಿರುಗಿಸಿದರು. ಆಮೇಲೆ ಕೀಲಿ ತಿರುವಿದಾಗ ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು. ಅಮ್ಮ ಜಗಲಿಯಿಂದ ಎದ್ದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು. ಅಂದು ಸಂಜೆ ಅವಳನ್ನು ಕೂರಿಸಿಕೊಂಡು ಯಳಂದೂರಿನವರೆಗೆ ಹೋಗಿಬಂದೆವು.

ಅಮ್ಮ ಈಗಿಲ್ಲ. ಅವಳ ಹರಳೆಣ್ಣೆಯ ಸೀಸೆ ನನ್ನ ಅಡುಗೆಮನೆಯಲ್ಲಿದೆ, ಮೊಮ್ಮಗುವಿನ ನೆತ್ತಿಗೆ. ಹೊಲಿಗೆ ಮಿಷನ್ನಿಗೆ ಮಾತ್ರ ಮಿಷನ್ ಎಣ್ಣೆಯನ್ನೇ ಬಿಡುತ್ತೇನೆ.