ಸ್ಯಾಂಡೋ ಬನಿಯನ್‌ನಿಂದ ಸ್ಮಾರ್ಟ್ ಕೇಬಲ್‌ವರೆಗೆ: ಗರಡಿ ಮನೆಯೊಳಗೆ ಬಂದ ಕಥೆ

ಸ್ಯಾಂಡೋ ಬನಿಯನ್ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಹೊಲಕ್ಕೆ ಹೋಗುವವರು, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರು, ಅಂಗಡಿ ಸಾಹುಕಾರರು ಎಲ್ಲರೂ ತೊಡುತ್ತಾರೆ. ಆದರೆ ಸ್ಯಾಂಡೋ ಎಂಬುದು ಒಬ್ಬ ಮನುಷ್ಯನ ಹೆಸರು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಯೂಜೀನ್ ಸ್ಯಾಂಡೋ 1867ರಲ್ಲಿ ಆಗಿನ ಪ್ರಷ್ಯಾದಲ್ಲಿ ಹುಟ್ಟಿದವನು. ಸರಪಳಿ ಹರಿದು, ಭಾರ ಎತ್ತಿ ತೋರಿಸಿ ಜಗತ್ತಿಡೀ ಹೆಸರು ಮಾಡಿದ. 1904–05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಅವನು ಒಂದು ವಸ್ತುವನ್ನೂ ಮಾರುತ್ತಿದ್ದ. ಬಾಗಿಲಿಗೋ ಗೋಡೆಗೋ ಸಿಕ್ಕಿಸಿ ಎಳೆಯುವ ರಬ್ಬರ್ ಹಗ್ಗ ಅದು. ಇವತ್ತು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಹುಡುಗರ ಫೋನಿಗೆ ಜಾಹೀರಾತಾಗಿ ಬರುವ ‘ಸ್ಮಾರ್ಟ್ ಕೇಬಲ್ ಜಿಮ್’ ಆ ಹಗ್ಗದ ಮರಿಮಗ. ಕಂತಿನ ಮೇಲೆ ಕೊಳ್ಳುವ ಮೊದಲು ಈ ವಂಶದ ಕಥೆ ತಿಳಿದುಕೊಂಡರೆ ಒಳ್ಳೆಯದು.

ಚಾಲುಕ್ಯರ ಕಾಲದ ಕಸರತ್ತು

ಹಾವೇರಿಯ ಪುರಸಿದ್ಧೇಶ್ವರ ದೇವಸ್ಥಾನ ಕಲ್ಯಾಣ ಚಾಲುಕ್ಯರ ಕಾಲದ್ದು. ಅದೇ ವಂಶದ ದೊರೆ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಜಟ್ಟಿಗಳು ಏನು ತಿನ್ನಬೇಕು, ಹೇಗೆ ಸಾಧನೆ ಮಾಡಬೇಕು ಎಂದು ಅಲ್ಲಿ ವಿವರ ಕೊಟ್ಟಿದ್ದಾನೆ. ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಕಸರತ್ತು ಸ್ತಂಭಶ್ರಮ. ಈಗಿನ ಜಿಮ್‌ನವರು ಒಂದು ದಿನ ಎದೆ, ಒಂದು ದಿನ ಕಾಲು ಎಂದು ಪಟ್ಟಿ ಮಾಡುವಂತೆ ಆಗಲೂ ಒಂದು ಪಟ್ಟಿ ಇತ್ತು.

ಈ ಪದ್ಧತಿ ಗರಡಿ ಮನೆಯಲ್ಲಿ ಉಳಿದು ಬಂತು. ಕೆಮ್ಮಣ್ಣಿನ ಅಖಾಡ, ಹನುಮಂತನ ಪಟ, ಗುಂಡುಕಲ್ಲು, ಮರದ ಗದೆ. ಇಷ್ಟೇ ಅಲ್ಲಿನ ಆಸ್ತಿ. ಸಂಗ್ರಾಣಿ ಕಲ್ಲು ಎತ್ತುವ, ಚೀಲ ಎತ್ತುವ ಪಂದ್ಯಗಳು ನಮ್ಮ ಕಡೆ ಜಾತ್ರೆಗಳಲ್ಲಿ ಇನ್ನೂ ನಡೆಯುತ್ತವೆ. ಆದರೆ ಗರಡಿಯಲ್ಲಿ ಕಲ್ಲಿಗಿಂತ ದೊಡ್ಡ ಸಂಗತಿ ವಸ್ತಾದರ ಕಣ್ಣು. ಬೆನ್ನು ಬಾಗಿದರೆ ಗದರುವವರು, ಸುಸ್ತಾದರೆ ನಿಲ್ಲಿಸುವವರು, ಎರಡು ದಿನ ಬರದಿದ್ದರೆ ಮನೆಗೆ ಹೇಳಿ ಕಳಿಸುವವರು ಅವರು.

ಗರಡಿಗೆ ಒಂದು ದೊಡ್ಡ ಕೊರತೆಯೂ ಇತ್ತು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಅರ್ಧ ಊರು ಹೊರಗೇ ಉಳಿಯಿತು.

ಬಾವಿಯ ಗಡಗಡೆ ಜಿಮ್‌ಗೆ ಹೋಯಿತು

ನಮ್ಮ ಗದೆಯ ಕಸರತ್ತನ್ನು ಬ್ರಿಟಿಷ್ ಸೈನಿಕರು ನೋಡಿ ಕಲಿತು, 19ನೇ ಶತಮಾನದ ಆರಂಭದಲ್ಲಿ ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಅದಕ್ಕೆ ‘ಇಂಡಿಯನ್ ಕ್ಲಬ್’ ಎಂದೇ ಹೆಸರಾಯಿತು. ಇತ್ತ ಯುರೋಪ್, ಅಮೆರಿಕದಲ್ಲಿ ಯಂತ್ರಗಳು ಹುಟ್ಟಿದವು. ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರ್ 1865ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವ್ಯಾಯಾಮ ಯಂತ್ರಗಳ ಸಂಸ್ಥೆ ತೆರೆದ. 1880ರ ಸುಮಾರಿಗೆ ಅಮೆರಿಕದ ಹಾರ್ವರ್ಡ್‌ನಲ್ಲಿ ಡಾ. ಡಡ್ಲಿ ಸಾರ್ಜೆಂಟ್ ಹಗ್ಗ, ಗಡಗಡೆ, ತೂಕದ ಯಂತ್ರಗಳನ್ನು ಕೂರಿಸಿದ. 1881ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಬೇರೆ ವ್ಯಾಯಾಮಶಾಲೆ ತೆರೆದ.

ಸಾರ್ಜೆಂಟನ ಯಂತ್ರ ನಮಗೆ ಹೊಸದೇನಲ್ಲ. ಬಾವಿಯ ಗಡಗಡೆಗೆ ಹಗ್ಗ ಹಾಕಿ ಕೊಡಪಾನ ಸೇದಿದವರಿಗೆಲ್ಲ ಅದು ಗೊತ್ತು. ಕಲ್ಲನ್ನು ನೆಲದಿಂದ ಮೇಲಕ್ಕೆ ಮಾತ್ರ ಎತ್ತಬಹುದು. ಗಡಗಡೆ ಇದ್ದರೆ ಅದೇ ಭಾರವನ್ನು ಮೇಲಿನಿಂದ ಕೆಳಕ್ಕೆ, ಪಕ್ಕದಿಂದ, ಎದುರಿನಿಂದ ಹೇಗೆ ಬೇಕಾದರೂ ಎಳೆಯಬಹುದು. ಕೈ ಜಾರಿದರೂ ಭಾರ ಮೈಮೇಲೆ ಬೀಳುವುದಿಲ್ಲ. ಕೇಬಲ್ ಯಂತ್ರದ ಗುಟ್ಟು ಇಷ್ಟೇ.

ಅಂಚೆಯಲ್ಲಿ ಬಂದ ಗುರು

ಮನೆಯಲ್ಲೇ ಕಸರತ್ತು ಮಾಡುವವರಿಗೆ ಗುರು ಎಲ್ಲಿಂದ ಬರಬೇಕು? ಇದಕ್ಕೆ ಬೆಂಗಳೂರಿನಲ್ಲಿ ಒಬ್ಬ ಕನ್ನಡಿಗರು ದಾರಿ ಹುಡುಕಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರೇ ಅವರು. ಕೋಲಾರ ಸೀಮೆಯಿಂದ ಬಂದ ಅಯ್ಯರ್ 1920ರ ದಶಕದಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದರು. ಭಾರ ಎತ್ತುವ ವಿದ್ಯೆಯನ್ನೂ ಹಠಯೋಗ, ಸೂರ್ಯನಮಸ್ಕಾರವನ್ನೂ ಕೂಡಿಸಿ ಕಲಿಸಿದರು. ದೂರದ ಊರಿನವರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು. ಹಣ ಕಟ್ಟಿದವರು ಪಾಠ ಓದಿ ಮನೆಯಲ್ಲೇ ಸಾಧನೆ ಮಾಡಬೇಕು. ಇವತ್ತಿನ ಆ್ಯಪ್‌ನ ತಿಂಗಳ ಚಂದಾ ಇದೇ ಲೆಕ್ಕ.

ಸ್ಯಾಂಡೋ ಹಗ್ಗವನ್ನು ಮನೆಗೆ ಕಳಿಸಿದ, ಅಯ್ಯರ್ ಪಾಠವನ್ನು ಕಳಿಸಿದರು. ಎಳೆಯುತ್ತಿರುವಾಗಲೇ ನೋಡಿ ತಿದ್ದುವ ಕಣ್ಣು ಮಾತ್ರ ಅಂಚೆಯಲ್ಲಿ ಬರಲಿಲ್ಲ.

ತೂಕವಿಲ್ಲದ ಭಾರ

ಆ ಕಣ್ಣನ್ನೂ ಕೊಡುತ್ತೇವೆ ಎನ್ನುವುದು ಸ್ಮಾರ್ಟ್ ಯಂತ್ರದವರ ಮಾತು. ಅಮೆರಿಕದ ಟೋನಲ್ ಎಂಬ ಯಂತ್ರ 2018ರಲ್ಲಿ ಬಂತು. ಅದರಲ್ಲಿ ಕಬ್ಬಿಣದ ಬಿಲ್ಲೆಗಳೇ ಇಲ್ಲ. ಗೋಡೆಯ ಮೇಲೆ ಟಿವಿಯಂಥ ಪರದೆ, ಎರಡು ತೋಳು, ಒಳಗೆ ವಿದ್ಯುತ್ ಮೋಟಾರು. ನೀವು ಕೇಬಲ್ ಎಳೆದರೆ ಮೋಟಾರು ಹಿಂದಕ್ಕೆ ಜಗ್ಗುತ್ತದೆ. 2018ರ ಆ ಯಂತ್ರ ಎರಡೂ ತೋಳು ಸೇರಿ ಸುಮಾರು 90 ಕೆ.ಜಿ.ವರೆಗೆ ಭಾರ ಕೊಡುತ್ತಿತ್ತು. ಎಷ್ಟು ಸಲ ಎಳೆದಿರಿ, ಎಷ್ಟು ವೇಗದಲ್ಲಿ ಎಳೆದಿರಿ ಎಂದು ಲೆಕ್ಕ ಇಡುತ್ತದೆ. ಬೆಂಗಳೂರಿನ ಅರೋಲೀಪ್ ಕಂಪನಿಯೂ ಗೋಡೆಗೆ ಕೂರಿಸುವ ಇಂಥ ಯಂತ್ರ ತಯಾರಿಸಿದೆ. ನೆಲದ ಮೇಲೆ ಮಣೆಯಂತೆ ಇಟ್ಟು, ಮೇಲೆ ನಿಂತು ಎಳೆಯುವ ಯಂತ್ರಗಳೂ ಇವೆ.

ಇವೆಲ್ಲ ಪಟ್ಟಣದ ಅಪಾರ್ಟ್‌ಮೆಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಸ್ತುಗಳು. ನಮ್ಮ ಮನೆಗೆ ತರುವ ಮೊದಲು ಕೇಳಬೇಕಾದ ಪ್ರಶ್ನೆಗಳೇ ಬೇರೆ.

ಮೊದಲು ಗೋಡೆ. ತೋಳಿನ ಭಾರವೆಲ್ಲ ಗೋಡೆಯ ಬೋಲ್ಟಿನ ಮೇಲೆ ಬೀಳುತ್ತದೆ. ಮಣ್ಣಿನ ಗೋಡೆ, ಟೊಳ್ಳು ಬ್ಲಾಕಿನ ಗೋಡೆ ತಡೆಯುವುದಿಲ್ಲ. ಗಟ್ಟಿ ಇಟ್ಟಿಗೆ ಇಲ್ಲವೇ ಕಾಂಕ್ರೀಟ್ ಬೇಕು. ಗೌಂಡಿಯನ್ನು ಕರೆಸಿ ತೋರಿಸಿ, ಆಮೇಲೆ ಮುಂಗಡ ಕೊಡಿ. ಹಳೆಯ ಜಂತಿ ಮನೆಯಾದರೆ ನೆಲದ ಮೇಲಿಡುವ ಯಂತ್ರವೇ ಲೇಸು.

ಎರಡನೆಯದು ಕರೆಂಟು. ಪ್ಲಗ್ಗಿಗೆ ಹಾಕುವ ಮೋಟಾರಿನ ಯಂತ್ರ ಕರೆಂಟು ಹೋದರೆ ಗೋಡೆಯ ಮೇಲಿನ ಪೆಟ್ಟಿಗೆ ಅಷ್ಟೇ. ಬ್ಯಾಟರಿ ಇದೆಯೇ, ವೋಲ್ಟೇಜ್ ಏರಿಳಿತ ತಡೆಯುತ್ತದೆಯೇ ಎಂದು ಕೇಳಿ.

ಮೂರನೆಯದು ಚಂದಾ. ತಿಂಗಳ ಹಣ ನಿಲ್ಲಿಸಿದರೆ ಭಾರ ಎಳೆಯಲು ಆಗುತ್ತದೆಯೇ, ಪಾಠ ಮಾತ್ರ ನಿಲ್ಲುತ್ತದೆಯೇ? ಪಾಠ ಕನ್ನಡದಲ್ಲಿ ಇದೆಯೇ? ಇಲ್ಲದಿದ್ದರೆ ಮನೆಯ ಹಿರಿಯರಿಗೆ, ತಾಯಂದಿರಿಗೆ ಅದು ಮೂಕ ಗುರು.

ನಾಲ್ಕನೆಯದು ರಿಪೇರಿ. ಕೇಬಲ್ ಸವೆಯುವ ವಸ್ತು. ಅದು ಹರಿದಾಗ ಹುಬ್ಬಳ್ಳಿಯಿಂದ ಬರುತ್ತಾರೋ, ಬೆಂಗಳೂರಿನಿಂದಲೋ? ಬರಹದಲ್ಲಿ ಪಡೆಯಿರಿ.

ಬಿಲ್ಲೆಗಳ ಯಂತ್ರ ಕೊಳ್ಳುವುದಾದರೆ ಗಡಗಡೆ ಎಣಿಸಿ. ಭಾರದ ಜೊತೆಗೇ ಚಲಿಸುವ ಗಡಗಡೆ ಒಂದಿದ್ದರೆ, 60 ಕೆ.ಜಿ. ಎಂದು ಬರೆದಿದ್ದರೂ ಕೈಗೆ ಹತ್ತುವುದು 30 ಕೆ.ಜಿ. ಮಾತ್ರ.

ಲಕ್ಷದ ಮಾತು ಬೇಡವೆಂದರೆ, ಗಟ್ಟಿ ತೊಲೆಗೋ ಕೊಕ್ಕೆಗೋ ಕಟ್ಟಿದ ಒಂದು ಗಡಗಡೆ, ಒಳ್ಳೆಯ ಹಗ್ಗ, ಮರಳು ತುಂಬಿದ ಚೀಲ ಸಾಕು. ಸಾರ್ಜೆಂಟನ ಯಂತ್ರದ ಒಳಗೂ ಇದ್ದದ್ದು ಇದೇ. ದಿನಾ ನೋಡುವವರು ಇಲ್ಲದಿದ್ದರೆ ಲಕ್ಷದ ಯಂತ್ರವೂ ಟವೆಲ್ ಒಣಹಾಕುವ ಗೂಟವಾಗುತ್ತದೆ.

ಇನ್ನೊಂದು ದಾರಿಯೂ ಇದೆ. ಗರಡಿ ಯಾರೊಬ್ಬರ ಮನೆಯ ಆಸ್ತಿ ಆಗಿರಲಿಲ್ಲ, ಊರಿನದ್ದಾಗಿತ್ತು. ಈ ಯಂತ್ರವನ್ನೂ ಹಾಗೆ ತರಬಹುದು. ಸ್ತ್ರೀಶಕ್ತಿ ಸಂಘದ ಕೋಣೆ ಇದ್ದರೆ ಗಟ್ಟಿ ಗೋಡೆ, ಬಾಗಿಲು, ಬೀಗ ಎಲ್ಲ ಅಲ್ಲೇ ಇರುತ್ತದೆ. ಹತ್ತು ಮನೆ ಕೂಡಿ ಹಣ ಹಾಕಿದರೆ ಒಬ್ಬರ ಮೇಲೆ ಸಾಲ ಬೀಳುವುದಿಲ್ಲ. ಒಬ್ಬರು ಎಳೆಯುವಾಗ ಇನ್ನೊಬ್ಬರು ಬೆನ್ನು ನೋಡಿ ತಿದ್ದುತ್ತಾರೆ. ಗರಡಿಯ ಹೊಸ್ತಿಲು ದಾಟದ ಹೆಣ್ಣುಮಕ್ಕಳು ಈ ಸಲ ಮೊದಲ ಸಾಲಿನಲ್ಲಿ ಇರುತ್ತಾರೆ. ಮುಂದಿನ ಸಂಘದ ಸಭೆಯಲ್ಲಿ ಈ ಮಾತು ಎತ್ತಿ ನೋಡಿ.